ಹೆಸರಿಲ್ಲದ ದೃಶ್ಯವನ್ನು ಹುಡುಕುವ ಬಗೆ

ಗ್ರಂಥಭಂಡಾರದಲ್ಲಿ ಪುಸ್ತಕವೊಂದನ್ನು ಅದರ ಹೆಸರಿನಿಂದಲೋ ಕರ್ತೃವಿನ ಹೆಸರಿನಿಂದಲೋ ಹುಡುಕಿ ತೆಗೆಯಬಹುದು. ಆದರೆ ಮೊಳಕಾಲ್ಮುರು ಸೀಮೆಯ ರೇಷ್ಮೆ ಮಗ್ಗವೊಂದರ ಕೆಲಸವನ್ನು ಒಂದು ಗಂಟೆಯ ಕಾಲ ವಿಡಿಯೊದಲ್ಲಿ ಹಿಡಿದಿಟ್ಟಿದ್ದೇವೆಂದು ಭಾವಿಸೋಣ. ಸೆಕೆಂಡಿಗೆ 25ರಂತೆ ಅದರಲ್ಲಿ 90,000 ಬಿಡಿಚಿತ್ರಗಳಿರುತ್ತವೆ. ನೇಕಾರನು ಅಂಚಿನ ಲಾಳಿಯನ್ನು ಕೈಗೆತ್ತಿಕೊಂಡ ಗಳಿಗೆ ಇವುಗಳಲ್ಲಿ ಎಲ್ಲಿದೆ? ‘ಕೊಂಡ್ಲಹಳ್ಳಿ, ಮಗ್ಗ’ ಎಂಬ ತಲೆಬರಹ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಚಿತ್ರವನ್ನೇ ವಿಚಾರಿಸಬೇಕು.

ಕಂಪ್ಯೂಟರಿಗೆ ಬಿಡಿಚಿತ್ರವೆಂಬುದು ಸಂಖ್ಯೆಗಳ ಒಂದು ಚೌಕಳಿ ಮಾತ್ರ. ಆದುದರಿಂದ ಅತ್ಯಂತ ಸುಲಭವಾದ ಉಪಾಯವೆಂದರೆ ಬಣ್ಣಗಳ ಎಣಿಕೆ: ಕೆಂಪು ಬಿಂದುಗಳೆಷ್ಟು, ಹಸುರು ಬಿಂದುಗಳೆಷ್ಟು ಎಂದು ಲೆಕ್ಕವಿಡುವುದು. ಒಂದರ ಹಿಂದೊಂದು ಬರುವ ಎರಡು ಚಿತ್ರಗಳ ಎಣಿಕೆ ಥಟ್ಟನೆ ಬದಲಾದರೆ ಅಲ್ಲಿ ಹೊಸ ದೃಶ್ಯ ಮೊದಲಾಗಿದೆಯೆಂದು ಊಹಿಸಬಹುದು. (ಮದುವೆಯ ವಿಡಿಯೊಗಳಲ್ಲಿ ಫೋಟೋದವರ ಫ್ಲ್ಯಾಷ್ ಬೆಳಗಿದಾಗಲೆಲ್ಲ ಈ ಊಹೆ ಮೋಸಹೋಗುವುದುಂಟು.) ಆದರೆ ಎಣಿಕೆಯು ಬಣ್ಣವನ್ನು ಬಲ್ಲುದೇ ಹೊರತು ಅದರ ಸ್ಥಾನವನ್ನಲ್ಲ. ಅದೇ ಕೆಂಪು ರೇಷ್ಮೆ, ಅದೇ ಜರಿಯನ್ನು ಅಷ್ಟಷ್ಟೇ ಬಳಸಿ ಒಂದು ಸೀರೆಯಲ್ಲಿ ನವಿಲನ್ನೂ ಇನ್ನೊಂದರಲ್ಲಿ ಮಾವಿನಕಾಯಿಯನ್ನೂ ನೇಯ್ದರೆ ಲೆಕ್ಕಕ್ಕೆ ಎರಡೂ ಒಂದೇ!

ಆಕಾರಗಳ ತೊಡಕಿಗೆ 2003ರಲ್ಲಿ ಆಕ್ಸ್‌ಫರ್ಡಿನ ಸಿವಿಕ್ ಮತ್ತು ಜಿಸ್ಸರ್‌ಮನ್ ಒಂದು ಚತುರ ಪರಿಹಾರವನ್ನು ತೋರಿಸಿದರು. ಚಿತ್ರದ ಸಣ್ಣ ಸಣ್ಣ ತುಣುಕುಗಳನ್ನು ಪದಗಳಂತೆ ಭಾವಿಸಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದನ್ನೇ ಚಲಚ್ಚಿತ್ರಕ್ಕೂ ಅವರು ರಚಿಸಿದರು.

ಆದರೂ ನಮ್ಮ ಪ್ರಶ್ನೆ ಉಳಿಯಿತು. ಲಾಳಿಯನ್ನೆತ್ತುವ ಮೊದಲೂ ಅನಂತರವೂ ಮಗ್ಗದ ಬಣ್ಣ, ಆಕಾರಗಳು ಬಹುಮಟ್ಟಿಗೆ ಅವೇ; ಬದಲಾದುದು ಕೈಯ ಚಲನೆ. ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗೆ ಪರಿಚಿತವಾದ ಸಂಗತಿಯೊಂದು ಎದುರಾಗುತ್ತದೆ. ವಿಡಿಯೊವನ್ನು ಕಿರಿದುಮಾಡಿ ಇಡುವ ಎಂಪೆಗ್ ಪದ್ಧತಿಯ ಮೊದಲ ರೂಪಗಳಲ್ಲಿ ಚಿತ್ರವನ್ನು 16 ಬಿಂದು ಉದ್ದ, 16 ಬಿಂದು ಅಗಲದ ತುಂಡುಗಳಾಗಿ ವಿಭಾಗಿಸಿ, ‘ಈ ತುಂಡು ಬೇರೊಂದು ಚಿತ್ರದ ಇಂಥ ಕಡೆಯಿಂದ ಇಷ್ಟು ಸರಿದು ಬಂದಿದೆ’ ಎಂದು ಬರೆದಿಡುತ್ತಾರೆ. ಇದು ಸ್ಥಾನಾಂತರ, ಕಾಲದಿಂದ ಭಾಗಿಸಿದರೆ ವೇಗ! ಹುಡುಕುವವನಿಗೆ ಬೇಕಾದ ಚಲನೆಯ ಲೆಕ್ಕ ಕಡತದೊಳಗೆ ಆಗಲೇ ಸಿದ್ಧವಾಗಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಆರ್. ರಾಮಕೃಷ್ಣನ್ ಅವರೂ ಆರ್. ವೆಂಕಟೇಶ್ ಬಾಬು ಅವರೂ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಿಡಿಯೊವನ್ನು ಪೂರ್ಣವಾಗಿ ಬಿಡಿಸದೆ, ಈ ಲೆಕ್ಕದಿಂದಲೇ ಹುಡುಕುವ ಮಾರ್ಗವನ್ನು ವಿವರಿಸಿದರು. ತೊಡಕು ಸಾಪೇಕ್ಷ ವೇಗದ್ದು. ಚಳ್ಳಕೆರೆಯ ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಜಾಲಿಮರಗಳು ಹಿಂದಕ್ಕೆ ಓಡುವಂತೆ, ಕ್ಯಾಮೆರಾ ತಿರುಗಿದಾಗ ಇಡೀ ಚಿತ್ರವೇ ಸರಿಯುತ್ತದೆ. ಆದ್ದರಿಂದ ಕ್ಯಾಮೆರಾದ ಚಲನೆ, ವಸ್ತುವಿನ ಚಲನೆ ಇವೆರಡನ್ನೂ ಬೇರ್ಪಡಿಸಿಯೇ ವರ್ಣಿಸಬೇಕು. ಇನ್ನೊಂದು ಎಚ್ಚರವೂ ಅಗತ್ಯ. ಆ ಸ್ಥಾನಾಂತರಗಳನ್ನು ಆರಿಸಿದ್ದು ಜಾಗವನ್ನು ಉಳಿಸಲೆಂದೇ ಹೊರತು ಸತ್ಯವನ್ನು ಅಳೆಯಲೆಂದಲ್ಲ. ಬೋಳುಗೋಡೆಯ ತುಂಡುಗಳೆಲ್ಲ ಒಂದೇ ತೆರನಾದುದರಿಂದ ನಿಂತ ಗೋಡೆಯೂ ಚಲಿಸಿದಂತೆ ದಾಖಲಾಗಬಹುದು.

ಈಚಿನ ಯಂತ್ರಗಳು ಲಕ್ಷಾಂತರ ಚಿತ್ರಗಳನ್ನು ಕಂಡು ತಾವೇ ಗುರುತುಗಳನ್ನು ಕಲಿಯುತ್ತವೆ. ಮಾತಿನಲ್ಲಿ ಕೇಳಿದರೂ ದೃಶ್ಯವನ್ನು ಹುಡುಕಿಕೊಡುತ್ತವೆ. ಆದರೆ ಅವು ಕಂಡ ಚಿತ್ರಗಳಲ್ಲಿ ಕೈಮಗ್ಗವೇ ವಿರಳವಾಗಿದ್ದರೆ ‘ಲಾಳಿ’ ಎಂಬ ಮಾತಿನಿಂದ ಹೆಚ್ಚೇನೂ ಸಾಗದು. ಆಗ ಲಾಳಿಯನ್ನೆತ್ತುವ ಎರಡು ಸೆಕೆಂಡಿನ ತುಣುಕನ್ನೇ ಮಾದರಿಯಾಗಿ ಕೊಟ್ಟು, ಇದನ್ನು ಹೋಲುವುವನ್ನು ತೋರಿಸೆಂದು ಕೇಳುವುದು ಲೇಸು. ಯಂತ್ರವು ಹೋಲಿಕೆಯ ಕ್ರಮದಲ್ಲಿ ಹತ್ತಿಪ್ಪತ್ತು ದೃಶ್ಯಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಸರಿಯಾದುದನ್ನು ಮಗ್ಗವನ್ನು ಬಲ್ಲವರು ನೋಡಿ ಆರಿಸುತ್ತಾರೆ.