ನಿಮಗಿದು ಗೊತ್ತೇ? ಇಮೇಲ್ ಬದಲಿಸಿದರೆ ಹಳೆಯ ಪತ್ರಗಳು ಏನಾಗುತ್ತವೆ

ಕೊಡಗಿನ ಪೊನ್ನಂಪೇಟೆಯಿಂದ ಮೈಸೂರಿಗೆ ಮನೆ ಬದಲಿಸಿದವರು ಅಂಚೆ ಕಚೇರಿಗೆ ಬರೆದುಕೊಟ್ಟರೆ 571216 ಪಿನ್ ಕೋಡಿನ ಹಳೆಯ ವಿಳಾಸಕ್ಕೆ ಬಂದ ಕಾಗದ ಹೊಸ ವಿಳಾಸಕ್ಕೆ ಹೋಗುತ್ತದೆ. ಇಮೇಲ್‌ನಲ್ಲೂ ‘ಫಾರ್ವರ್ಡಿಂಗ್’ ಇದೆ. ಆದರೆ ಅದು ಇನ್ನು ಮುಂದೆ ಬರುವ ಪತ್ರಗಳಿಗೆ ಮಾತ್ರ. ಪೆಟ್ಟಿಗೆಯಲ್ಲಿ ಈಗಾಗಲೇ ಇರುವುದನ್ನು ನಾವೇ ಸಾಗಿಸಬೇಕು.

ಸಾಗಿಸಬೇಕಾದ ಪತ್ರಗಳ ರಾಶಿ ಇಷ್ಟು ದೊಡ್ಡದಾದದ್ದು ಹೇಗೆ? 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದ ಇಬ್ಬರಲ್ಲಿ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಓದಿದವರು. ಆಗ ಅದರಲ್ಲಿ ಸಿಗುತ್ತಿದ್ದ ಜಾಗ 2 ಎಂಬಿ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಕೊಟ್ಟಿತು. ಪತ್ರ ಅಳಿಸದೆ ಕೂಡಿಡುವ ಅಭ್ಯಾಸ ಬಂದದ್ದು ಅಲ್ಲಿಂದೀಚೆಗೆ.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು. 2012ರಲ್ಲಿ ಶಿವಮೊಗ್ಗದಲ್ಲಿ ಹೊಸ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ಅಧೀನಕ್ಕೆ ಬಂತು. ಕಟ್ಟಡ ಅದೇ, ಮರಗಳು ಅವೇ, ಮಾತೃಸಂಸ್ಥೆ ಮಾತ್ರ ಬೇರೆ. ಮಾತೃಸಂಸ್ಥೆ ಬದಲಾದರೆ ಅದು ಕೊಟ್ಟ ಇಮೇಲ್ ವಿಳಾಸವೂ ಬದಲಾಗಬಹುದು. ಕಾಲೇಜಾಗಲಿ ಕಂಪನಿಯಾಗಲಿ ಕೊಟ್ಟ ಇಮೇಲ್ ವಿಳಾಸ ನಮ್ಮ ಆಸ್ತಿಯಲ್ಲ. ಓದು ಮುಗಿದರೆ, ಕೆಲಸ ಬಿಟ್ಟರೆ, ನಿವೃತ್ತರಾದರೆ ಆ ಪೆಟ್ಟಿಗೆಗೆ ಬೀಗ ಬೀಳಬಹುದು. ಸ್ವಂತ ಪತ್ರಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಪತ್ರಗಳನ್ನು ಸರ್ವರಿನಿಂದ ಇಳಿಸಿಕೊಳ್ಳುವ ‘ಪಾಪ್’ ವಿಧಾನ ಸಾಮಾನ್ಯವಾಗಿ ತರುವುದು ಇನ್‌ಬಾಕ್ಸನ್ನು ಮಾತ್ರ. ನೀವು ಕಳಿಸಿದ್ದು, ಫೋಲ್ಡರುಗಳಲ್ಲಿ ಜೋಡಿಸಿಟ್ಟದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂದು ಗುರುತು ಮಾಡದಿದ್ದರೆ ಮೂಲವೇ ಅಳಿಸಿಹೋಗುತ್ತದೆ. ಸ್ಥಳಾಂತರಕ್ಕೆ ಸರಿಯಾದದ್ದು ‘ಐಮ್ಯಾಪ್’. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ್ದು. ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶದಲ್ಲಿ ಹಳೆಯ ಖಾತೆ, ಹೊಸ ಖಾತೆ ಎರಡನ್ನೂ ಸೇರಿಸಿ, ಫೋಲ್ಡರಿನಿಂದ ಫೋಲ್ಡರಿಗೆ ನಕಲು ಮಾಡಿದರಾಯಿತು. ಮೂಲ ದಿನಾಂಕವೂ ಉಳಿಯುತ್ತದೆ.

ಹಳೆಯ ಪತ್ರಗಳನ್ನು ಒಂದೊಂದಾಗಿ ಹೊಸ ವಿಳಾಸಕ್ಕೆ ಫಾರ್ವರ್ಡ್ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಕಳಿಸಿದವರ ಜಾಗದಲ್ಲಿ ನಿಮ್ಮ ಹೆಸರು, ದಿನಾಂಕದ ಜಾಗದಲ್ಲಿ ಇಂದಿನ ದಿನಾಂಕ ಬಂದು ಕೂರುತ್ತದೆ. ಕಾಫಿ ಮಾರಾಟದ ಒಪ್ಪಂದ, ಆಸ್ತಿ ಪಾಲಿನ ಮಾತುಕತೆ ಇಂಥ ಪತ್ರಗಳಿಗೆ ಮೂಲ ಹೆಡರ್, ಅಂದರೆ ಕಳಿಸಿದವರು, ದಿನಾಂಕ ಮುಂತಾದ ವಿವರ, ಇರಲೇಬೇಕು. ನ್ಯಾಯಾಲಯದಲ್ಲಿ ಇಮೇಲನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಕ್ರಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿದೆ.

ಹಳೆಯ ಕನ್ನಡ ಪತ್ರ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಕಾಣುತ್ತವೆಯೇ? ಪತ್ರ ಕೆಟ್ಟಿಲ್ಲ, ಅಳಿಸಬೇಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದಿರಬಹುದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್‌ಗೆ ‘ತುಂಗಾ’ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅದಾದ ಮೇಲೂ ವರ್ಷಗಟ್ಟಲೆ ನಮ್ಮ ಜನ ಹಳೆಯ ಫಾಂಟುಗಳಲ್ಲೇ ಬರೆದರು. ಹಾಗಾಗಿ ಪತ್ರಗಳ ಜೊತೆ ಆ ಫಾಂಟುಗಳನ್ನೂ ಉಳಿಸಿಕೊಳ್ಳಿ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಊರು ಬಿಟ್ಟ ಮಕ್ಕಳು ಮನೆಗೆ ಕನ್ನಡದಲ್ಲಿ ಬರೆದ ಮೊದಲ ಇಮೇಲುಗಳು ಈ ರೂಪದಲ್ಲೇ ಎಲ್ಲೋ ಬಿದ್ದಿರುತ್ತವೆ. ಕಳೆದುಕೊಳ್ಳುವಂಥವಲ್ಲ ಅವು.

ಎಷ್ಟು ಸಾಗಿಸಬೇಕೆಂದು ಲೆಕ್ಕ ಹಾಕುವಾಗ ಒಂದು ಮಾತು ನೆನಪಿಡಿ: ಲಗತ್ತಿಸಿದ ಫೋಟೊ ಇಮೇಲ್‌ನಲ್ಲಿ ತನ್ನ ಮೂಲ ಗಾತ್ರಕ್ಕಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ಜಾಗ ತಿನ್ನುತ್ತದೆ.

ಗೂಗಲ್, ಸಂಸ್ಥೆಗಳಿಗೆ ಕೊಡುವ ತನ್ನ ವರ್ಕ್‌ಸ್ಪೇಸ್ ಖಾತೆಗಳಿಗೆ ಐಮ್ಯಾಪ್ ಮೂಲಕ ದಿನಕ್ಕೆ 500 ಎಂಬಿ ಮಾತ್ರ ತುಂಬಲು ಬಿಡುತ್ತದೆ. 10 ಜಿಬಿ ಪತ್ರಗಳಿದ್ದರೆ ಸುಮಾರು 20 ದಿನದ ಕೆಲಸ. ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕೊಡಗಿನ ಮಳೆಗಾಲದಲ್ಲಿ ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಯಾವಾಗ ಮಾಡಿದರೂ ಪ್ರತಿ ಫೋಲ್ಡರಿನ ಪತ್ರಗಳ ಸಂಖ್ಯೆ ಎರಡೂ ಕಡೆ ತಾಳೆಯಾಗುತ್ತದೆಯೇ ನೋಡಿ.

ಗೂಗಲ್ ಟೇಕ್‌ಔಟ್ ಎಂಬ ಸೇವೆ ನಿಮ್ಮ ಜಿಮೇಲ್ ಪತ್ರಗಳನ್ನೆಲ್ಲ ‘ಎಂಬಾಕ್ಸ್’ ಕಡತವಾಗಿ ಕೊಡುತ್ತದೆ. ಇಳಿಸಿಕೊಳ್ಳುವ ಕೊಂಡಿ ಬಾಳುವುದು ಒಂದು ವಾರದಷ್ಟೇ. ವಿಳಾಸ ಪುಸ್ತಕವನ್ನು ಬೇರೆಯಾಗಿಯೇ ಒಯ್ಯಬೇಕು. ಐಮ್ಯಾಪ್ ಅದನ್ನು ತರುವುದಿಲ್ಲ.

ವಿಳಾಸ ಬದಲಿಸದೆಯೇ ಸೇವೆ ಬದಲಿಸುವ ದಾರಿಯೂ ಇದೆ. ಕೇಂದ್ರ ಸರ್ಕಾರ ಸುಮಾರು 12 ಲಕ್ಷ ನೌಕರರ ಇಮೇಲನ್ನು ಜೋಹೊ ಸಂಸ್ಥೆಯ ವ್ಯವಸ್ಥೆಗೆ ಸಾಗಿಸಿತು, ಆದರೆ ಯಾರ ವಿಳಾಸವೂ ಬದಲಾಗಲಿಲ್ಲ. ಡೊಮೇನ್, ಅಂದರೆ ವಿಳಾಸದಲ್ಲಿ @ ಚಿಹ್ನೆಯ ನಂತರದ ಹೆಸರು, ಸರ್ಕಾರದ್ದೇ ಆದ್ದರಿಂದ ಇದು ಸಾಧ್ಯವಾಯಿತು. ಪೊನ್ನಂಪೇಟೆಯ ಹೋಮ್‌ಸ್ಟೇ ನಡೆಸುವವರಿಗೂ ಇದೇ ದಾರಿ ತೆರೆದಿದೆ. ಸ್ವಂತ ಹೆಸರಿನ ಡೊಮೇನ್ ಕೊಂಡರೆ, ಮುಂದೆ ಸೇವೆ ಯಾರದ್ದಾದರೂ ಮುಖ್ಯವಾಗಿ ಬದಲಿಸಬೇಕಾದದ್ದು ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ‘ಎಂಎಕ್ಸ್’ ದಾಖಲೆಯನ್ನು. ಬೋರ್ಡಿನಲ್ಲಿ, ಕಾರ್ಡಿನಲ್ಲಿ ಅಚ್ಚಾದ ವಿಳಾಸ ಹಾಗೇ ಇರುತ್ತದೆ.

ಎರಡು ವರ್ಷ ಮುಟ್ಟದ ವೈಯಕ್ತಿಕ ಗೂಗಲ್ ಖಾತೆಯನ್ನು ಪತ್ರಗಳ ಸಮೇತ ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಯಾಹೂದಲ್ಲಿ 12 ತಿಂಗಳಷ್ಟೇ. ಆದ್ದರಿಂದ ಹಳೆಯ ಖಾತೆಗೆ ಇವತ್ತೇ ಒಮ್ಮೆ ಲಾಗಿನ್ ಆಗಿ. ಬ್ಯಾಂಕು, ವಿಮೆ, ಭವಿಷ್ಯನಿಧಿ ಎಲ್ಲ ಕಡೆ ಹೊಸ ವಿಳಾಸ ಕೊಟ್ಟು, ಪತ್ರಗಳ ಒಂದು ಪ್ರತಿ ನಿಮ್ಮದೇ ಹಾರ್ಡ್ ಡಿಸ್ಕಿಗೆ ಬರುವವರೆಗೂ ಹಳೆಯ ಖಾತೆಯನ್ನು ಮುಚ್ಚಬೇಡಿ.