ಎರಡಂತಸ್ತಿನ ಆಸ್ಪತ್ರೆಗೂ ಬೆಂಕಿಯ ನಿಯಮ ಯಾಕೆ?

ಅಗ್ನಿ ಸುರಕ್ಷತೆಯ ನಿಯಮಗಳೆಲ್ಲ ಬೆಂಗಳೂರಿನ ಎತ್ತರದ ಆಸ್ಪತ್ರೆಗಳಿಗೆ, ನೆಲಮಹಡಿಯ ಮೇಲೆ ಒಂದೇ ಅಂತಸ್ತು ಇರುವ ನಮ್ಮೂರಿನ ನರ್ಸಿಂಗ್ ಹೋಮಿಗೆ ಅದರ ಗೊಡವೆಯಿಲ್ಲ ಎಂಬ ನಂಬಿಕೆ ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕು ಊರುಗಳಲ್ಲಿ ಸುಲಭವಾಗಿ ಬೇರೂರುತ್ತದೆ. ನಂಬಿಕೆಗೆ ಒಂದಿಷ್ಟು ಆಧಾರವೂ ಉಂಟು. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ದಾಟಿದ ಕಟ್ಟಡಗಳಿಗೆ ಹೆಚ್ಚಿನ ಕಟ್ಟುಪಾಡು ಹಾಕುತ್ತದೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ಮಾತು ಬಂದಾಗಲೂ ಮೊದಲು ಕೇಳುವುದು ಎತ್ತರವನ್ನೇ. ಆದರೆ ಅದೇ ಸಂಹಿತೆ ಆಸ್ಪತ್ರೆಯನ್ನು ಮನೆ, ಅಂಗಡಿ, ಕಚೇರಿಗಳ ಸಾಲಿನಿಂದ ತೆಗೆದು ಬೇರೆ ಗುಂಪಿನಲ್ಲಿ ಇಟ್ಟಿದೆ. ಅಲ್ಲಿರುವವರು ತಾವಾಗಿ ಎದ್ದು ಓಡಲಾರರು ಎಂಬುದೇ ಅದಕ್ಕೆ ಕಾರಣ. ಅಂಗಡಿಗೆ ಬೆಂಕಿ ಬಿದ್ದರೆ ಗಿರಾಕಿ ಹೊರಗೆ ಓಡುತ್ತಾನೆ. ನಿನ್ನೆಯಷ್ಟೇ ಸಿಸೇರಿಯನ್ ಆದ ಬಾಣಂತಿ, ಮುರಿದ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ ಅಜ್ಜ, ವಾರ್ಮರ್‌ನಲ್ಲಿರುವ ಕೂಸು ಓಡುವುದಿಲ್ಲ. ಅವರನ್ನು ಯಾರಾದರೂ ಎತ್ತಿಕೊಂಡು ಹೋಗಬೇಕು. ಆಸ್ಪತ್ರೆಯ ಅಪಾಯವನ್ನು ಅಳೆಯಬೇಕಾದದ್ದು ಹೀಗೆ ಎತ್ತಿ ಒಯ್ಯಬೇಕಾದವರ ಲೆಕ್ಕದಿಂದ, ಮಹಡಿಗಳ ಲೆಕ್ಕದಿಂದಲ್ಲ.

ದೆಹಲಿಯ ವಿವೇಕ ವಿಹಾರದ ಪ್ರಕರಣ ಇದನ್ನು ಕ್ರೂರವಾಗಿ ತೋರಿಸಿಕೊಟ್ಟಿತು. 2024ರ ಮೇ 25ರ ರಾತ್ರಿ ಅಲ್ಲಿನ ಎರಡಂತಸ್ತಿನ ನವಜಾತ ಶಿಶು ಆಸ್ಪತ್ರೆಗೆ ಬೆಂಕಿ ಬಿದ್ದು ಕನಿಷ್ಠ ಆರು ಹಸುಗೂಸುಗಳು ಸತ್ತವು. ಆಸ್ಪತ್ರೆಯ ಪರವಾನಗಿ ಮಾರ್ಚ್ ಕೊನೆಗೇ ಮುಗಿದಿತ್ತು. ಐದು ಹಾಸಿಗೆಗೆ ಅನುಮತಿಯಿದ್ದ ಕಡೆ 12 ಶಿಶುಗಳಿದ್ದವು. ಒಳಗಿದ್ದ ಆಕ್ಸಿಜನ್ ಸಿಲಿಂಡರ್‌ಗಳು ಸಿಡಿದವು. ತುರ್ತು ನಿರ್ಗಮನದ ದಾರಿಯೇ ಇರಲಿಲ್ಲ. ಬದುಕಿದ ಮಕ್ಕಳನ್ನು ಹೊರತಂದದ್ದು ಹಿಂಬದಿಯ ಕಿಟಕಿಗಳಿಂದ. ಕಳ್ಳರ ಭಯಕ್ಕೆ ಪ್ರತಿ ಕಿಟಕಿಗೂ ಕಬ್ಬಿಣದ ಗ್ರಿಲ್ ಬೆಸೆಯುವ ನಮ್ಮ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವಾರ್ಡಿಗೆ ಒಂದಾದರೂ ಗ್ರಿಲ್ ಕೀಲಿನ ಮೇಲೆ ತೆರೆಯುವಂತಿದ್ದರೆ ಆ ಕಿಟಕಿ ಇನ್ನೊಂದು ಬಾಗಿಲಾಗುತ್ತದೆ.

ಬೆಂಕಿ ಸುಟ್ಟು ಕೊಲ್ಲುತ್ತದೆ, ಜ್ವಾಲೆ ಕಂಡಾಗ ಎಚ್ಚೆತ್ತರಾಯಿತು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಜನವರಿ 9ರ ನಸುಕಿನಲ್ಲಿ ಹತ್ತು ಶಿಶುಗಳು ತೀರಿಕೊಂಡಾಗ ಸುಟ್ಟಗಾಯದಿಂದ ಸತ್ತವು ಮೂರು, ಹೊಗೆಯಿಂದ ಉಸಿರುಗಟ್ಟಿ ಸತ್ತವು ಏಳು. ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರಂದು ಬೆಂಕಿ ಹೊತ್ತಿದ್ದು ನೆಲಮಾಳಿಗೆಯಲ್ಲಿ; ಸುಮಾರು 90 ಜನರಲ್ಲಿ ಹೆಚ್ಚಿನವರು ಪ್ರಾಣ ಬಿಟ್ಟದ್ದು ಜ್ವಾಲೆ ತಲುಪದ ಮೇಲಿನ ವಾರ್ಡುಗಳಲ್ಲಿ. ನಮ್ಮದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿಯನ್ನು ಬಲಿ ತೆಗೆದುಕೊಂಡ ಅವಘಡದಲ್ಲೂ ಜನರನ್ನು ಕಂಗೆಡಿಸಿದ್ದು ಹೊಗೆಯೇ. ಹೊಗೆಗೆ ಮೆಟ್ಟಿಲಿನ ಬಾವಿಯೇ ಚಿಮಣಿ. ಮೇಲೆ ಹತ್ತಲು ಇಳಿಯಲು ಒಂದೇ ಮೆಟ್ಟಿಲಿದ್ದು, ಅದರ ಅಡಿಯಲ್ಲೇ ಯುಪಿಎಸ್ ಬ್ಯಾಟರಿ, ಹಳೆಯ ಹಾಸಿಗೆ, ಡ್ರಿಪ್ ಬಾಟಲಿಯ ರಟ್ಟಿನ ಡಬ್ಬಿಗಳನ್ನು ಪೇರಿಸಿಟ್ಟರೆ, ಬೆಂಕಿ ಹುಟ್ಟುವ ಜಾಗ ಮತ್ತು ತಪ್ಪಿಸಿಕೊಳ್ಳುವ ದಾರಿ ಒಂದೇ ಆಗಿಬಿಡುತ್ತದೆ.

ಆಕ್ಸಿಜನ್ ತಾನೇ ಹೊತ್ತಿಕೊಳ್ಳುವ ಅನಿಲ ಎಂದು ಹೆದರುವವರಿದ್ದಾರೆ, ಅದು ಬರೀ ಗಾಳಿ ತಾನೆ ಎಂದು ಸಸಾರ ಮಾಡುವವರೂ ಇದ್ದಾರೆ. ಎರಡೂ ಸರಿಯಲ್ಲ. ಆಕ್ಸಿಜನ್ ಉರಿಯುವುದಿಲ್ಲ, ಉಳಿದದ್ದನ್ನು ಉರಿಸುತ್ತದೆ. ಸುತ್ತಲಿನ ಗಾಳಿಯಲ್ಲಿ ಅದರ ಪಾಲು ಶೇ 21ರಷ್ಟು. ಇದು ಮೂರು ನಾಲ್ಕು ಅಂಶ ಏರಿದರೂ ಸಾಕು, ಸಣ್ಣ ಕಿಡಿಗೆ ಬಟ್ಟೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ರೋಗಿ ಊಟಕ್ಕೆ ಎದ್ದಾಗ ಮಾಸ್ಕ್ ತೆಗೆದು ದಿಂಬಿನ ಮೇಲೆ ಇಟ್ಟು, ವಾಲ್ವ್ ತಿರುಗಿಸುವುದನ್ನು ಮರೆತರೆ, ಆ ದಿಂಬು, ಹೊದಿಕೆಗಳೆಲ್ಲ ಆಕ್ಸಿಜನ್ ಹೀರಿಕೊಂಡು ಕೂರುತ್ತವೆ. ಬಿಗಿಯಾದ ವಾಲ್ವಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡುವುದು ಇನ್ನೂ ಅಪಾಯ: ಒತ್ತಡದಲ್ಲಿರುವ ಆಕ್ಸಿಜನ್ ಜತೆ ಎಣ್ಣೆ ಜಿಡ್ಡು ಸೇರಿದರೆ ಹೊರಗಿನ ಕಿಡಿಯೂ ಬೇಕಾಗದೆ ಹೊತ್ತಿಕೊಳ್ಳಬಹುದು.

ಇನ್ನು ಕಾಗದದ ಮೇಲಿನ ನಂಬಿಕೆ. ಖಾಸಗಿ ಆಸ್ಪತ್ರೆಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಅದು ಗೋಡೆಯ ಮೇಲಿದ್ದರೆ ಕಟ್ಟಡ ಸುರಕ್ಷಿತ ಎಂದು ನಾವು ತಿಳಿಯುತ್ತೇವೆ. ಆದರೆ ಐದು ವರ್ಷದಲ್ಲಿ ಕಟ್ಟಡ ಹಾಗೇ ಉಳಿಯುವುದಿಲ್ಲ. ವರಾಂಡಕ್ಕೆ ಗಾಜು ಹಾಕಿ ವಾರ್ಡ್ ಮಾಡುತ್ತಾರೆ, ಸ್ಟೋರ್ ರೂಮು ಐಸಿಯು ಆಗುತ್ತದೆ. ಫ್ಯಾನು, ಟ್ಯೂಬ್‌ಲೈಟಿಗೆಂದು ಎಳೆದ ವೈರಿನ ಮೇಲೆ ಹಗಲೂ ರಾತ್ರಿ ಓಡುವ ಎಸಿ, ಆಟೋಕ್ಲೇವ್, ವಾರ್ಮರ್‌ಗಳ ಹೊರೆ ಬೀಳುತ್ತದೆ. ಎಂಸಿಬಿ ಪದೇ ಪದೇ ಬೀಳುತ್ತಿದೆಯೆಂದು ದೊಡ್ಡದು ಹಾಕಿಸಿದರೆ, ಆಮೇಲೆ ಕಾಯುವುದು ಗೋಡೆಯೊಳಗಿನ ವೈರು. ಎಎಂಆರ್‌ಐ ನೆಲಮಾಳಿಗೆಗೆ ಸಿಕ್ಕಿದ್ದ ಅನುಮತಿ ವಾಹನ ನಿಲುಗಡೆಗೆ. ಅಲ್ಲಿ ತುಂಬಿದ್ದದ್ದು ಸಾಮಾನು. ಸರ್ಕಾರಿ ಆಸ್ಪತ್ರೆ ಆದರೆ ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. ಕೋವಿಡ್ ಆಸ್ಪತ್ರೆಗಳ ಅಗ್ನಿ ತಪಾಸಣೆ ತಿಂಗಳಿಗೊಮ್ಮೆ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 18ರಂದು ಹೇಳಿತ್ತು. ಮೂರೇ ವಾರಕ್ಕೆ ಭಂಡಾರಾದಲ್ಲಿ ಬೆಂಕಿ ಬಿತ್ತು. ಅದು ಸರ್ಕಾರಿ ಆಸ್ಪತ್ರೆ, ಆದರೆ ಬೆಂಕಿ ಬಿದ್ದದ್ದು ಕೋವಿಡ್ ವಾರ್ಡಿಗಲ್ಲ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಎಲ್ಲ ನಿಯಮವನ್ನೂ ಚಾಚೂತಪ್ಪದೆ ಹೇರಿದರೆ ಹತ್ತಿಪ್ಪತ್ತು ಹಾಸಿಗೆಯ ಸಣ್ಣ ಆಸ್ಪತ್ರೆಗಳು ಬಾಗಿಲು ಹಾಕುತ್ತವೆ, ಅಜ್ಜಂಪುರದ ಗರ್ಭಿಣಿ ನಡುರಾತ್ರಿ ಶಿವಮೊಗ್ಗದವರೆಗೆ ಹೋಗಬೇಕಾಗುತ್ತದೆ, ದಾರಿಯಲ್ಲೇ ಜೀವ ಹೋದರೆ ಯಾವ ಸುರಕ್ಷತೆ ಸಾಧಿಸಿದಂತಾಯಿತು ಎಂದು ವೈದ್ಯರು ಕೇಳುತ್ತಾರೆ. ಮಾತು ನಿಜ. ಸಂಹಿತೆ ಕೇಳುವ 2.4 ಮೀಟರ್ ಅಗಲದ ಕಾರಿಡಾರನ್ನು ಹಳೆಯ ಮನೆಯೊಳಗೆ ಹುಟ್ಟಿಸಲಾಗದು. ಹಾಗೆಂದು ಏನೂ ಮಾಡಲಾಗದು ಎಂಬ ತೀರ್ಮಾನವೂ ತಪ್ಪು. ಬೆಂಕಿ ಬಿದ್ದರೆ ಎಲ್ಲರನ್ನೂ ಒಮ್ಮೆಗೇ ಕೆಳಗಿಳಿಸಬೇಕು ಎಂದುಕೊಂಡೇ ನಾವು ಕೈಚೆಲ್ಲುತ್ತೇವೆ. ಆಸ್ಪತ್ರೆಗೆ ಹೇಳಿರುವ ಕ್ರಮ ಬೇರೆ: ಮೊದಲು ಅದೇ ಅಂತಸ್ತಿನಲ್ಲಿ ಹೊಗೆ ಬಾರದ ಇನ್ನೊಂದು ಭಾಗಕ್ಕೆ ರೋಗಿಯನ್ನು ಹಾಸಿಗೆ ಸಮೇತ ತಳ್ಳಿ ಬಾಗಿಲು ಮುಚ್ಚುವುದು, ಕೆಳಗಿಳಿಸುವುದು ಆಮೇಲೆ. ಕಾರಿಡಾರಿನ ನಡುವೆ ಬೆಂಕಿ ತಡೆದು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಅದರ ಮೇಲೆ ಸೂರಿನವರೆಗೆ ಗೋಡೆ ಇದ್ದರೆ ಒಂದು ಅಂತಸ್ತು ಎರಡು ಭಾಗವಾಗುತ್ತದೆ. ಹೊರಗೋಡೆಗೆ ಎರಡನೇ ಮೆಟ್ಟಿಲು ಕಟ್ಟಿಸುವ ಖರ್ಚು ದೊಡ್ಡದೇ. ಅದಕ್ಕೆ ಕಾಲಾವಕಾಶ, ಸಾಲದ ನೆರವು ಕೊಡುವುದು ಸರ್ಕಾರದ ಹೊಣೆ. ನಡೆಯಲಾಗದ ರೋಗಿಗಳನ್ನು ಕೆಳಗಿನ ಅಂತಸ್ತಿಗೆ ತರುವುದಕ್ಕೆ, ಸಿಲಿಂಡರ್‌ಗಳನ್ನು ಹೊರಗಿನ ಗಾಳಿಯಾಡುವ ಶೆಡ್ಡಿಗೆ ಸಾಗಿಸುವುದಕ್ಕೆ, ಮೆಟ್ಟಿಲಡಿ ಖಾಲಿ ಮಾಡುವುದಕ್ಕೆ ಯಾವ ಸಾಲವೂ ಬೇಡ.

ಇಷ್ಟು ವರ್ಷ ಬೀಳದ ಬೆಂಕಿ ಈಗ ಬೀಳುತ್ತದೆಯೇ ಎಂದು ಕೇಳುವವರು ರಾತ್ರಿ ಎರಡು ಗಂಟೆಯ ಹೊತ್ತನ್ನು ನೆನೆಯಬೇಕು. ಭಂಡಾರಾ, ಕೋಲ್ಕತ್ತ, ದೆಹಲಿ ಮೂರೂ ಕಡೆ ಬೆಂಕಿ ಬಿದ್ದದ್ದು ಸಿಬ್ಬಂದಿ ಕಡಿಮೆಯಿರುವ ಹೊತ್ತಿನಲ್ಲೇ. ಸಣ್ಣ ಆಸ್ಪತ್ರೆಯಲ್ಲಿ ಆಗ ಇರುವುದು ಒಬ್ಬ ನರ್ಸ್, ಒಬ್ಬ ಆಯಾ, ಹೊರಗೊಬ್ಬ ವಾಚ್‌ಮನ್. ನಾಯಿ ನುಗ್ಗಬಾರದೆಂದು ಮುಂಬಾಗಿಲಿನ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಹಾಕಿದ್ದರೆ ಬೀಗದ ಕೈ ಯಾರ ಬಳಿ? ಗೋಡೆಗೆ ತೂಗುಹಾಕಿದ ಬೆಂಕಿ ನಂದಿಸುವ ಸಿಲಿಂಡರಿನ ಪಿನ್ ಎಳೆದು ನೋಡಿದ ಅನುಭವ ಅವರಲ್ಲಿ ಯಾರಿಗಿದೆ? ಸಂಜೆ ಅಧಿಕಾರಿಗಳ ಮುಂದೆ ಫೋಟೊಗಾಗಿ ನಡೆಸುವ ಅಣಕು ಪ್ರದರ್ಶನದಿಂದ ಇದು ತಿಳಿಯದು. ರಾತ್ರಿ ಪಾಳಿಯಲ್ಲಿ, ಆ ಮೂವರೇ ಇರುವಾಗ, ಒಂದು ಹಾಸಿಗೆಯನ್ನು ವಾರ್ಡಿನಿಂದ ಹೊರಬಾಗಿಲವರೆಗೆ ತಳ್ಳಿ ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಟ್ಟರೆ, ಯಾವ ಬಾಗಿಲು ಅಗಲ ಮಾಡಿಸಬೇಕು, ಯಾವ ಬೀಗ ತೆಗೆಸಬೇಕು ಎಂಬುದು ಆ ರಾತ್ರಿಯೇ ಗೊತ್ತಾಗುತ್ತದೆ.