ನಿಮಗಿದು ಗೊತ್ತೇ? ಹೊಟ್ಟೆಯೊಳಗೆ ಜಾರುವ ಜಾಲರಿ!

ಸ್ಟೆಂಟ್ ಹಾಕುವುದು ಹೃದಯಕ್ಕೆ ಮಾತ್ರ ಅಂದುಕೊಂಡಿದ್ದೀರಾ? ತೂಕ ಇಳಿಸುವ ಸರ್ಜರಿ ಆದವರ ಹೊಟ್ಟೆಗೂ ಹಾಕುತ್ತಾರೆ!

ಮುಂಬೈನ ಗೋರೆಗಾಂವ್‌ನಲ್ಲಿ ಚರ್ಚ್‌ಗೇಟ್ ಸ್ಲೋ ಲೋಕಲ್ ಹತ್ತಿದರೆ ಚರ್ನಿ ರೋಡ್ ಬರುತ್ತದಲ್ಲ? ಅಲ್ಲಿನ ಸೈಫೀ ಆಸ್ಪತ್ರೆಗೆ 2017ರಲ್ಲಿ ಈಜಿಪ್ಟ್‌ನ ಮಹಿಳೆಯೊಬ್ಬರನ್ನು ಕರೆತಂದದ್ದು ಸರಕು ವಿಮಾನದಲ್ಲಿ. ತೂಕ ಸುಮಾರು 500 ಕಿಲೋ ಎಂದು ಸುದ್ದಿಯಾಗಿತ್ತು! ಅವರಿಗೆ ಮಾಡಿದ್ದು ‘ಸ್ಲೀವ್’ ಸರ್ಜರಿ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಕೊಳವೆ. ಕತ್ತರಿಸಿದ ಅಂಚಿಗೆ ಸಾಲಾಗಿ ಸ್ಟೇಪ್ಲರ್ ಪಿನ್ನು. ಕಾಗದಕ್ಕೆ ಹೊಡೆದ ಹಾಗೇ!

ನೂರರಲ್ಲಿ ಒಂದೆರಡು ಜನರಿಗೆ ಈ ಅಂಚು ಸೋರುತ್ತದೆ. ಆಗ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಹೊದಿಕೆಯಿರುವ ಸ್ಟೆಂಟ್ ಕೂರಿಸುವುದುಂಟು. ಊಟ ಅದರೊಳಗೆ ಇಳಿಯುತ್ತದೆ, ಹೊರಗೆ ಗಾಯ ಮಾಯುತ್ತದೆ.

ಈ ಸ್ಟೆಂಟಿನ ಲೋಹ ನಿಟಿನಾಲ್. ಮುದುಡಿ ಒಳಗಿಟ್ಟರೆ ತಾನಾಗಿ ಅರಳುತ್ತದೆ. ಬಗ್ಗಿಸಿದರೂ ಮುರಿಯದ ಕೆಲವು ಕನ್ನಡಕದ ಫ್ರೇಮುಗಳೂ ಇದರವೇ!

ಆದರೆ ಇದು ಕೂತಲ್ಲೇ ಕೂರುವ ಆಸಾಮಿಯಲ್ಲ! ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ಜಾರುತ್ತದೆ. ಕ್ಯಾನ್ಸರಿನಿಂದ ಇಕ್ಕಟ್ಟಾದ ಅನ್ನನಾಳವಾದರೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಲ್ಲಿ ಆ ಇಕ್ಕಟ್ಟೇ ಇಲ್ಲ. ವಿರಾರ್ ಲೋಕಲ್‌ನ ನೂಕುನುಗ್ಗಲಿನಂತೆ ಕರುಳು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ!

ಜಾರಿದ ಸ್ಟೆಂಟ್ ಒಮ್ಮೊಮ್ಮೆ ಮಲದ ಜೊತೆ ಹೊರಗೇ ಬಂದುಬಿಡುತ್ತದೆ. ಒಮ್ಮೊಮ್ಮೆ ಕರುಳಿಗೆ ಅಡ್ಡ ಸಿಕ್ಕಿಕೊಂಡು, ಮತ್ತೆ ಆಪರೇಷನ್ ಬೇಕಾಗುತ್ತದೆ.

ಕೆಲವರಲ್ಲಿ ಇದಕ್ಕೆ ತದ್ವಿರುದ್ಧ. ಕೆಲವು ಸ್ಟೆಂಟುಗಳ ತುದಿಗೆ ಹೊದಿಕೆ ಇರುವುದಿಲ್ಲ; ಆ ತುದಿಯ ಜಾಲರಿಯೊಳಗೆ ಮಾಂಸ ಬೆಳೆದು, ಎಳೆದರೂ ಬರುವುದಿಲ್ಲ. ಆಗೇನು ಮಾಡುತ್ತಾರೆ? ಅದರೊಳಗೆ ಇನ್ನೊಂದು ಸ್ಟೆಂಟ್! ಅದು ಒತ್ತಿದಾಗ ಬೆಳೆದ ಮಾಂಸ ಸಾಯುತ್ತದೆ. ವಾರ ಹದಿನೈದು ದಿನ ಬಿಟ್ಟು ಎರಡನ್ನೂ ಹೊರಗೆ ತೆಗೆಯುತ್ತಾರೆ.

ಅನ್ನನಾಳ ಜಠರ ಸೇರುವಲ್ಲಿ ಒಂದು ಬಾಗಿಲಿದೆ. ಸ್ಟೆಂಟ್ ಅದನ್ನು ಸದಾ ತೆರೆದಿಡುತ್ತದೆ. ಅದಕ್ಕೇ ಎದೆಯುರಿ, ವಾಂತಿ. ತಲೆದಿಂಬು ಎತ್ತರಿಸಿ ಮಲಗಬೇಕು!

‘ಸ್ಟೆಂಟ್’ ಎಂಬುದು ಒಬ್ಬ ಮನುಷ್ಯನ ಹೆಸರು! ಚಾರ್ಲ್ಸ್ ಸ್ಟೆಂಟ್, 19ನೇ ಶತಮಾನದ ಇಂಗ್ಲೆಂಡಿನ ದಂತವೈದ್ಯ. ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವಿನಿಂದ ಅವರ ಹೆಸರು ಹೊಟ್ಟೆಯವರೆಗೂ ಇಳಿದಿದೆ.

ಈ ಸ್ಟೆಂಟ್ ಜೀವನಪೂರ್ತಿಯದಲ್ಲ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದ ಅತಿಥಿ. ತೆಗೆಸುವ ದಿನವನ್ನು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನಡುವೆ ಜ್ವರ, ನಿಲ್ಲದ ವಾಂತಿ, ಕಪ್ಪು ಮಲ, ರಕ್ತ ಕಂಡರೆ ಆ ದಿನಕ್ಕೆ ಕಾಯಬೇಡಿ. ಕೂಡಲೇ ಡಾಕ್ಟರ ಬಳಿಗೆ ಹೋಗಿ!